ಭೀಮನಿಗೆ ಆಪರೇಷನ್ ಯಾವಾಗ?

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು. ಆದ್ರೆ ನಿಜವಾದ ಕಾರಣ ಈಗ ನನ್ನ ಕುರ್ಚಿ ಕೆಳಗೆ, ನನ್ನದೇ ಚಪ್ಪಲಿಯನ್ನು ದಿಂಬು ಮಾಡ್ಕೊಂಡು ಗೊರಕೆ ಹೊಡೀತಾ ಇದೆ. ಹೆಸರು ಭೀಮ. ಜರ್ಮನ್ ಶೆಫರ್ಡ್. ವಯಸ್ಸು ಹದಿನಾರು ತಿಂಗಳು, ತೂಕ 34 ಕೆಜಿ.

ಹೆಸರಿಂದು ಒಂದು ತಮಾಷೆ ಇದೆ. ಸ್ವಾಹಿಲಿಯಲ್ಲಿ ‘ಬೀಮಾ’ ಅಂದ್ರೆ ವಿಮೆ, ನಮ್ಮ ಹಿಂದಿಯ ಬೀಮಾನೇ. ನಾನು ಮೊದಲ ದಿನ ಗೇಟಿನ ಹತ್ತಿರ “ಭೀಮಾ, ಬಾ ಇಲ್ಲಿ” ಅಂತ ಕೂಗಿದ್ದಕ್ಕೆ ನಮ್ಮ ಅಸ್ಕಾರಿ, ಅಂದ್ರೆ ವಾಚ್‌ಮನ್, ಹೊಟ್ಟೆ ಹಿಡ್ಕೊಂಡು ನಕ್ಕಿದ್ದ. “ಬಾಸ್, ನಾಯಿಗೆ ಇನ್ಶೂರೆನ್ಸ್ ಅಂತ ಹೆಸರಿಟ್ಟಿದ್ದೀರಾ? ಒಳ್ಳೇದೇ ಬಿಡಿ, ನೈರೋಬಿಯಲ್ಲಿ ನಾಯಿ ಅಂದ್ರೆ ಅದೇ ತಾನೆ!” :-)

ನಾವಿರೋದು ಸೌತ್ ಸಿ. ಒಂದು ಕಡೆ ಮೊಂಬಾಸಾ ರೋಡು, ಇನ್ನೊಂದು ಕಡೆ ವಿಲ್ಸನ್ ಏರ್‌ಪೋರ್ಟು. ಬೆಳಗಾಯ್ತು ಅಂದ್ರೆ ಮಸಾಯಿ ಮಾರಾಕ್ಕೆ ಹೋಗೋ ಪುಟ್ಟ ವಿಮಾನಗಳು ತಲೆ ಮೇಲೆ ಗುಂಯ್‌ಗುಡ್ತವೆ. ನಮ್ಮ ಮನೆ ಒಂದು ‘ಕೋರ್ಟಿ’ನಲ್ಲಿ. ಗಾಬರಿ ಬೀಳಬೇಡಿ, ಇಲ್ಲಿ ಕೋರ್ಟ್ ಅಂದ್ರೆ ನ್ಯಾಯಾಲಯ ಅಲ್ಲ, ಒಂದೇ ಗೇಟಿನೊಳಗೆ ಸಾಲಾಗಿ ಕಟ್ಟಿರೋ ಹತ್ತಿಪ್ಪತ್ತು ಮನೆಗಳು. ಆದ್ರೆ ಕಮಿಟಿ ಅಂತ ಒಂದಿದೆ, ಅದು ಆಗಾಗ ನ್ಯಾಯಾಲಯದ ಥರಾನೇ ಆಡುತ್ತೆ.

ಭೀಮನಿಗೆ ಐದು ತಿಂಗಳಾದಾಗ ಇಂಜೆಕ್ಷನ್ ಕೊಡಿಸೋಕೆ ಕರ್ಕೊಂಡು ಹೋಗಿದ್ದೆ. ಕ್ಲಿನಿಕ್ಕಿನ ಡಾಕ್ಟರು ಕಾರ್ಡು ತುಂಬಿಸ್ತಾ, ತಲೆ ಎತ್ತದೇನೇ, “ಮುಂದಿನ ತಿಂಗಳು ಕರ್ಕೊಂಡು ಬನ್ನಿ, ಆಪರೇಷನ್ ಮಾಡಿಬಿಡೋಣ” ಅಂದ್ರು. ಯಾವ ಆಪರೇಷನ್ ಅಂತ ನಿಮಗೆ ಗೊತ್ತಾಗಿರುತ್ತೆ. ಪೇಪರಿನವರು ‘ಸಂತಾನಹರಣ ಶಸ್ತ್ರಚಿಕಿತ್ಸೆ’ ಅಂತ ಬರೀತಾರಲ್ಲ, ಅದು. “ಆರು ತಿಂಗಳಿಗೇ ಯಾಕೆ?” ಅಂತ ಕೇಳಿದೆ. “ಎಲ್ಲರಿಗೂ ಆರು ತಿಂಗಳಿಗೇ ಮಾಡೋದು” ಅಂದ್ರು. ಮುಂದಿನ ಪೇಶಂಟು ಒಂದು ಬೆಕ್ಕು, ಬಾಗಿಲಲ್ಲಿ ಕಿರುಚ್ತಾ ಇತ್ತು. ಮಾತು ಅಲ್ಲಿಗೇ ಮುಗೀತು.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ತಾತನಿಗೆ ಸುಮ್ಮನೆ ವಿಷಯ ಹೇಳಿದೆ. ನಮ್ಮ ತಾತ ಚನ್ನರಾಯಪಟ್ಟಣದ ಕಡೆಯವರು, ಜೀವನ ಪೂರ್ತಿ ಹಳ್ಳಿಕಾರ್ ಎತ್ತು ಕಟ್ಟಿ ಹೊಲ ಉತ್ತವರು.

“ಏನ್ ಮಗಾ, ನಾಯಿಗೂ ಹಿಡ ಮಾಡುಸ್ತಾರಾ ಆ ದೇಶ್ದಲ್ಲಿ? ಎಷ್ಟು ತಿಂಗ್ಳ ಮರಿ ಅದು?”

“ಐದು ತಿಂಗಳು ತಾತ.”

“ಥೂ, ಅದುಕ್ಕಿನ್ನೂ ಮೂಳೇನೇ ಬಲ್ತಿಲ್ವಲ್ಲೋ! ಎರಡಲ್ಲು ಆಗ್ಲಿ ಬುಡು.”

ಪಟ್ಟಣದಲ್ಲಿ ಬೆಳೆದವರಿಗೆ ಸ್ವಲ್ಪ ವಿವರಿಸ್ತೀನಿ. ಹೋರಿಕರುವಿನ ಬೀಜ ಒಡೆಸಿ ಎತ್ತು ಮಾಡೋದಕ್ಕೆ ನಮ್ಮ ಕಡೆ ಹಿಡ ಮಾಡೋದು ಅಂತಾರೆ. ಎರಡಲ್ಲು ಅಂದ್ರೆ ಹಾಲುಹಲ್ಲು ಬಿದ್ದು ಮುಂದೆ ಎರಡು ಹೊಸ ಹಲ್ಲು ಬರೋ ವಯಸ್ಸು, ಸುಮಾರು ಎರಡು ವರ್ಷ ದಾಟಿದ ಮೇಲೆ. ನಾನು ಚಿಕ್ಕವನಿದ್ದಾಗ ದನದ ಆಸ್ಪತ್ರೆಯವರು ‘ಬರ್ಡಿಜೊ’ ಅನ್ನೋ ದೊಡ್ಡ ಇಕ್ಕಳ ತಂದು ಮಾಡ್ತಿದ್ರು. ಅಷ್ಟು ದಿನ ಯಾಕೆ ಕಾಯಬೇಕು ಅಂದ್ರೆ ತಾತ ಹೇಳ್ತಿದ್ದದ್ದು ಇಷ್ಟೇ: ಎಳೇದಕ್ಕೇ ಮಾಡಿದ್ರೆ ಕಾಲು ಉದ್ದ ಆಗುತ್ತೆ, ಹೆಗಲು ತುಂಬೋದಿಲ್ಲ, ನೊಗ ತಡೆಯೋದಿಲ್ಲ.

ನಾನು ಇದನ್ನ ಹಳ್ಳಿ ಮಾತು ಅಂತ ತಳ್ಳಿಹಾಕಿ ಮಲಗಬಹುದಿತ್ತು. ಆದ್ರೆ ‘ಕಾಲು ಉದ್ದ ಆಗುತ್ತೆ’ ಅನ್ನೋದು ತಲೇಲಿ ಕೊರೀತಾ ಇತ್ತು. ಇಂಜಿನಿಯರಿಂಗ್ ಓದಿದವನ ಚಟ ಬೇರೆ, ಎದ್ದು ಲ್ಯಾಪ್‌ಟಾಪ್ ತೆಗೆದೆ. ಬೆಳಗಿನ ಜಾವ ಮಸೀದಿಯ ಆಜಾನ್ ಕೇಳಿಸೋವರೆಗೂ ಓದಿದ್ದೇ ಓದಿದ್ದು.

ತಾತ ಹೇಳಿದ್ದು ಸರಿಯಾಗೇ ಇತ್ತು ಕಣ್ರೀ.

ಮರಿಯ ಉದ್ದ ಮೂಳೆಗಳ ತುದಿಯಲ್ಲಿ ಮೆದುವಾದ ಒಂದು ಪದರ ಇರುತ್ತೆ, ಗ್ರೋತ್ ಪ್ಲೇಟ್ ಅಂತಾರೆ. ಮೂಳೆ ಉದ್ದ ಬೆಳೆಯೋದು ಅಲ್ಲಿಂದಲೇ. ಪ್ರಾಯ ಬರ್ತಿದ್ದ ಹಾಗೆ ಹಾರ್ಮೋನುಗಳು, ಮುಖ್ಯವಾಗಿ ಈಸ್ಟ್ರೋಜೆನ್, ಆ ಪದರವನ್ನು ಗಟ್ಟಿ ಮಾಡಿ ಬೆಳವಣಿಗೆಗೆ ಬೀಗ ಹಾಕುತ್ತವೆ. ಗಂಡಿನಲ್ಲೂ ಅಷ್ಟೇ, ಟೆಸ್ಟೋಸ್ಟೆರಾನಿನ ಒಂದು ಪಾಲು ಈಸ್ಟ್ರೋಜೆನ್ ಆಗಿ ಬದಲಾಗಿ ಆ ಕೆಲಸ ಮಾಡುತ್ತೆ. ಬೀಗ ಹಾಕೋ ಮುಂಚೆಯೇ ಬೀಗದಕೈ ಕಿತ್ತುಕೊಂಡ್ರೆ? ಮೂಳೆ ಇನ್ನಷ್ಟು ದಿನ ಬೆಳೀತಾ ಹೋಗುತ್ತೆ. 1991ರಲ್ಲೇ ಅಮೆರಿಕದ ಒಂದು ಅಧ್ಯಯನ ಏಳು ವಾರದ ಮತ್ತು ಏಳು ತಿಂಗಳ ಮರಿಗಳಿಗೆ ಆಪರೇಷನ್ ಮಾಡಿ, ಎರಡೂ ಗುಂಪಿನಲ್ಲಿ ಗ್ರೋತ್ ಪ್ಲೇಟ್ ಮುಚ್ಚೋದು ತಡವಾಗೋದನ್ನ ತೋರಿಸಿತ್ತು. ಐದು ಕೆಜಿ ನಾಯಿಗೆ ಇದರಿಂದ ಅಂಥಾ ವ್ಯತ್ಯಾಸ ಇಲ್ಲ. ಮೂವತ್ತೈದು ಕೆಜಿ ಭಾರ ಹೊರೋ ಕೀಲಿನ ಅಳತೆ ಸ್ವಲ್ಪ ಆಚೀಚೆ ಆದ್ರೂ ಸೊಂಟ, ಮೊಣಕಾಲು ಅದರ ಬೆಲೆ ತೆರಬೇಕಾಗಬಹುದು.

ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿರೋರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಡೇವಿಸ್‌ನ ಬೆಂಜಮಿನ್ ಹಾರ್ಟ್ ಮತ್ತು ಲಿನೆಟ್ ಹಾರ್ಟ್. 2013ರಲ್ಲಿ ಅವರ ತಂಡ 759 ಗೋಲ್ಡನ್ ರಿಟ್ರೀವರ್‌ಗಳ ಆಸ್ಪತ್ರೆ ದಾಖಲೆ ತೆಗೆದು ನೋಡ್ತು. ಒಂದು ವರ್ಷದೊಳಗೆ ಆಪರೇಷನ್ ಆದ ಗಂಡುಗಳಲ್ಲಿ ಸೊಂಟದ ಕೀಲು ಸಡಿಲವಾಗೋ ‘ಹಿಪ್ ಡಿಸ್‌ಪ್ಲೇಸಿಯ’ 10%, ಅಂದ್ರೆ ಆಪರೇಷನ್ ಆಗದ ಗಂಡುಗಳ ಎರಡರಷ್ಟು. 2016ರಲ್ಲಿ ನಮ್ಮ ಭೀಮನ ಸರದಿ: ಸಾವಿರಕ್ಕೂ ಹೆಚ್ಚು ಜರ್ಮನ್ ಶೆಫರ್ಡ್‌ಗಳು. ಆಪರೇಷನ್ ಆಗದ ಗಂಡುಗಳಲ್ಲಿ ಕೀಲಿನ ಕಾಯಿಲೆ 7%. ವರ್ಷದೊಳಗೆ ಆದವುಗಳಲ್ಲಿ 21%. ಹೆಣ್ಣುಗಳಲ್ಲಿ 5% ಇದ್ದದ್ದು 16%. ಜೊತೆಗೆ, ಬೇಗ ಆಪರೇಷನ್ ಆದ ಹೆಣ್ಣುಗಳಲ್ಲಿ 7% ನಾಯಿಗಳಿಗೆ ಮೂತ್ರ ಹಿಡಿದಿಟ್ಟುಕೊಳ್ಳೋಕೆ ಆಗ್ತಿರಲಿಲ್ಲ.

2020ರಲ್ಲಿ ಅದೇ ತಂಡ 35 ತಳಿಗಳ ಲೆಕ್ಕ ಹಾಕ್ತು. ಸಣ್ಣ ತಳಿಗಳಲ್ಲಿ ಬೇಗ ಮಾಡಿಸಿದ್ರೂ ಕೀಲಿನ ತೊಂದರೆ ಹೆಚ್ಚಾಗಿರಲಿಲ್ಲ. ದೊಡ್ಡ ತಳಿಗಳಲ್ಲಿ ಸಾಮಾನ್ಯವಾಗಿ ಹೆಚ್ಚಾಗಿತ್ತು. ಆದ್ರೆ ಎಲ್ಲದರಲ್ಲೂ ಅಲ್ಲ, ಕರುವಿನಷ್ಟೆತ್ತರ ಇರೋ ಗ್ರೇಟ್ ಡೇನ್‌ನಲ್ಲಿ ಹೆಚ್ಚಾಗಿರಲಿಲ್ಲ! ಜರ್ಮನ್ ಶೆಫರ್ಡ್‌ಗೆ ಅವರ ಸಲಹೆ, ಎರಡು ವರ್ಷ ಆಗೋವರೆಗೂ ಕಾಯಿರಿ ಅಂತ. ಎರಡಲ್ಲು :-)

ಅಂದ್ರೆ ಆರು ತಿಂಗಳು ಅನ್ನೋದು ಒಂದು ಡೀಫಾಲ್ಟ್ ವ್ಯಾಲ್ಯೂ. ನಮ್ಮ ಕೋಡಿನಲ್ಲೂ ಇಂಥವು ಬೇಕಾದಷ್ಟಿರ್ತವೆ. ಯಾರೋ ಯಾವುದೋ ಒಳ್ಳೆ ಕಾರಣಕ್ಕೆ ಹಾಕಿರ್ತಾರೆ, ಆಮೇಲೆ ಯಾರೂ ಅದನ್ನ ಮುಟ್ಟಿರೋದಿಲ್ಲ.

ಆ ಒಳ್ಳೆ ಕಾರಣವನ್ನೂ ಹೇಳಬೇಕು, ಇಲ್ಲಾಂದ್ರೆ ಡಾಕ್ಟರಿಗೆ ಅನ್ಯಾಯ ಮಾಡಿದ ಹಾಗಾಗುತ್ತೆ. ಹೆಣ್ಣು ನಾಯಿ ಮೊದಲ ಸಲ ಬೆದೆಗೆ ಬರೋ ಮುಂಚೆ ಮಾಡಿಸಿದ್ರೆ ಬೇಡದ ಮರಿಗಳು ಹುಟ್ಟೋ ಪ್ರಶ್ನೆಯೇ ಇಲ್ಲ. ಇಲ್ಲಿ ಕಾರೆನ್‌ನಲ್ಲಿರೋ ಕೆಎಸ್‌ಪಿಸಿಎ ಥರದ ಆಶ್ರಯಧಾಮಗಳನ್ನೇ ನೋಡಿ. ಮರಿಯನ್ನು ದತ್ತು ತಗೊಂಡು ಹೋದವರೆಲ್ಲ ಎರಡು ವರ್ಷ ಕಾದು, ನೆನಪಿಟ್ಟು, ವಾಪಸ್ ಕರ್ಕೊಂಡು ಬರ್ತಾರೆ ಅಂತ ಯಾರು ನಂಬ್ತಾರೆ? ಬೆಂಗಳೂರಿನ ಬೀದಿನಾಯಿಗಳ ವಿಷಯವೂ ಅಷ್ಟೇ. ಅಲ್ಲಿ ಕೀಲಿನ ಲೆಕ್ಕಕ್ಕಿಂತ ಮರಿಗಳ ಲೆಕ್ಕ, ರೇಬಿಸ್ ಲೆಕ್ಕ ದೊಡ್ಡದು.

ಸಂಶೋಧನೆಯೂ ಒಂದೇ ಕಡೆ ವಾಲಿಲ್ಲ. 2013ರಲ್ಲೇ ಬಂದ ಇನ್ನೊಂದು ಅಧ್ಯಯನ ನಲವತ್ತು ಸಾವಿರ ನಾಯಿಗಳ ಸಾವಿನ ದಾಖಲೆ ನೋಡಿ, ಆಪರೇಷನ್ ಆದವು ಹೆಚ್ಚು ದಿನ ಬದುಕಿದ್ದವು ಅಂತ ಹೇಳ್ತು: ಗಂಡುಗಳ ಆಯಸ್ಸು 13.8%, ಹೆಣ್ಣುಗಳದು 26.3% ಹೆಚ್ಚು. ಡೇವಿಸ್‌ನ ಅಂಕಿಗಳೂ ದೊಡ್ಡ ಆಸ್ಪತ್ರೆಗೆ ಬಂದ ನಾಯಿಗಳವು, ಮನೇಲಿ ಆರಾಮಾಗಿದ್ದ ನಾಯಿಗಳು ಆ ಲೆಕ್ಕಕ್ಕೆ ಬಂದೇ ಇಲ್ಲ. ಮತ್ತೆ 21% ಅಂದ್ರೆ ನೂರರಲ್ಲಿ 79 ನಾಯಿಗೆ ಏನೂ ಆಗಿಲ್ಲ ಅಂತಲೂ ಅರ್ಥ.

ಈ ಗೊಂದಲದ ಮಧ್ಯೆ ಯಲಹಂಕದಿಂದ ಅಕ್ಕನ ಫೋನು. ಅವರ ಮನೇಲಿ ಏಳು ತಿಂಗಳ ಹೆಣ್ಣು ಲ್ಯಾಬ್ರಡಾರ್ ಇದೆ. “ನೀನು ಏನೇನೋ ಓದ್ತಿದ್ದೀಯಂತೆ, ನಮ್ಮ ಚಿನ್ನಿಗೂ ಎರಡು ವರ್ಷ ಕಾಯ್ಬೇಕೇನೋ?” ಅಂದಳು. ಇಲ್ಲ ಅಕ್ಕಾ, ನಿಂಗೆ ಬೇರೆ ಉತ್ತರ ಅಂದೆ. ಹೆಣ್ಣು ಲ್ಯಾಬ್‌ಗೆ ಡೇವಿಸ್‌ನವರು ಹೇಳೋದು ಒಂದು ವರ್ಷ ದಾಟಲಿ ಅಂತ. ಆದ್ರೆ ಹಾಗಂತ ವರ್ಷಗಟ್ಟಲೆ ಮುಂದೂಡೋ ಹಾಗಿಲ್ಲ. ಆಪರೇಷನ್ ಆಗದ ಹೆಣ್ಣುಗಳಿಗೆ ಗರ್ಭಕೋಶದಲ್ಲಿ ಕೀವು ತುಂಬೋ ‘ಪಯೋಮೆಟ್ರಾ’ ಬರುತ್ತೆ. ಸ್ವೀಡನ್ನಿನ ವಿಮೆ ದಾಖಲೆಗಳ ಪ್ರಕಾರ ಹತ್ತು ವರ್ಷ ತುಂಬೋದರೊಳಗೆ ಸುಮಾರು ನಾಲ್ಕರಲ್ಲಿ ಒಂದು ಹೆಣ್ಣಿಗೆ. ತಡವಾದ್ರೆ ಜೀವಕ್ಕೇ ಅಪಾಯ. ಕೆಚ್ಚಲಿನ ಗೆಡ್ಡೆಯ ಭಯವೂ ಇದೆ. ಗಂಡಿಗೆ ಇವೆರಡರ ಅವಸರ ಇಲ್ಲ. “ನಿಮ್ಮ ಡಾಕ್ಟರ ಹತ್ರ ಚಿನ್ನಿ ತೂಕ, ತಳಿ, ಬೆದೆ ಎಲ್ಲಾ ಹೇಳಿ ಕೇಳು, ಹೆಬ್ಬಾಳದ ವೆಟರ್ನರಿ ಕಾಲೇಜು ಹತ್ರಾನೇ ಇದೆಯಲ್ಲ” ಅಂದೆ. “ಅಷ್ಟು ದೂರ ಕೂತ್ಕೊಂಡು ಹೆಬ್ಬಾಳದ ದಾರಿ ನಂಗೇ ಹೇಳ್ಕೊಡ್ತೀಯಲ್ಲೋ” ಅಂತ ಬೈದಳು.

ಇನ್ನು ಭೀಮನ ವಿಷಯ. ಕ್ಲಿನಿಕ್ ಬದಲಾಯಿಸಿದೆ. ಹೊಸ ಡಾಕ್ಟರು ನನ್ನ ಪ್ರಿಂಟ್‌ಔಟ್‌ಗಳನ್ನೆಲ್ಲ ನೋಡಿ ನಕ್ಕು, “ಕಾಯಬಹುದು. ಆದ್ರೆ ಕಾಯೋದು ಅಂದ್ರೆ ಸುಮ್ಮನಿರೋದಲ್ಲ” ಅಂದ್ರು. ಆ ಮಾತಿನ ಅರ್ಥ ನಂಗೆ ಆವಾಗ ಆಗಲಿಲ್ಲ.

ಆಗಿದ್ದು ಐದು ತಿಂಗಳ ನಂತರ, ಭೀಮನಿಗೆ ಹತ್ತು ತಿಂಗಳಾದಾಗ. ಸೌತ್ ಸಿಯಲ್ಲಿ ನಲ್ಲಿ ನೀರು ಬಂದ್ರೆ ಬಂತು, ಇಲ್ಲಾಂದ್ರೆ ಟ್ಯಾಂಕರ್. ಒಂದು ಸಂಜೆ ಟ್ಯಾಂಕರ್ ಒಳಗೆ ಬರೋಕೆ ಗೇಟು ಪೂರ್ತಿ ತೆಗೆದಿದ್ರು. ನಮ್ಮ ಮನೆ ಬಾಗಿಲನ್ನ ನಾನೇ ಸರಿಯಾಗಿ ಹಾಕಿರಲಿಲ್ಲ. ಹೊರಗೆಲ್ಲೋ ಒಂದು ಹೆಣ್ಣು ನಾಯಿ ಬೆದೆಗೆ ಬಂದಿತ್ತು ಅಂತ ಆಮೇಲೆ ಗೊತ್ತಾಯ್ತು. ಭೀಮ ಟ್ಯಾಂಕರ್ ಪಕ್ಕದಲ್ಲೇ ಬಾಣದ ಹಾಗೆ ಹೋದವನು ಹೋದ.

ನಾನು, ನನ್ನ ಹೆಂಡತಿ, ಅಸ್ಕಾರಿ ಮೂರೂ ಜನ ಟಾರ್ಚ್ ಹಿಡ್ಕೊಂಡು ಪೊಪೊ ರೋಡಿನ ತನಕ ಹುಡುಕಿದ್ವಿ. ಪೊಪೊ ಅಂದ್ರೆ ಬಾವಲಿ, ಅವತ್ತು ರಾತ್ರಿ ನಾವೇ ಬಾವಲಿಗಳು. ಮೊಂಬಾಸಾ ರೋಡಿನ ಲಾರಿಗಳ ಸದ್ದು ಕೇಳಿದಾಗಲೆಲ್ಲ ಎದೆ ಧಸಕ್ ಅಂತಿತ್ತು. ನನ್ನವಳು ಒಂದೇ ಒಂದು ಮಾತು ಹೇಳಿದಳು: “ಸೊಂಟದ ಕೀಲು ಉಳಿಸೋಕೆ ಹೋಗಿ ನಾಯೀನೇ ಕಳ್ಕೊಂಡ್ವಿ.” ನನ್ನ ಹತ್ರ ಉತ್ತರ ಇರಲಿಲ್ಲ.

ಬೆಳಿಗ್ಗೆ ಆರೂವರೆಗೆ, ಹಿಂದಿನ ರಸ್ತೆಯ ಚಹಾ ಅಂಗಡಿಯ ಹತ್ತಿರ ಸಿಕ್ಕ. ಕಿವಿ ಹರಿದಿತ್ತು, ಮೈಯೆಲ್ಲ ಕೆಸರು, ಮುಖದಲ್ಲಿ ಮಾತ್ರ ಒಂದಿಷ್ಟೂ ಪಶ್ಚಾತ್ತಾಪ ಇಲ್ಲ. ಎರಡು ತಿಂಗಳಾದ ಮೇಲೆ ಆ ಅಂಗಡಿ ಹಿಂದಿನ ರಟ್ಟಿನ ಪೆಟ್ಟಿಗೆಯಲ್ಲಿ ಐದು ಮರಿಗಳಿದ್ದವು. ಎರಡರ ಬೆನ್ನು ಕಪ್ಪು, ಕಾಲು ಕಂದು. ಭೀಮನವೇ ಅಂತ ಸಾಬೀತು ಮಾಡೋಕೆ ಯಾವ ಲ್ಯಾಬೂ ಬೇಕಿರಲಿಲ್ಲ. ಅಸ್ಕಾರಿ ಒಂದನ್ನ ಊರಿಗೆ ಕರ್ಕೊಂಡು ಹೋದ. ಎರಡಕ್ಕೆ ಮನೆ ಹುಡುಕಿದ್ವಿ. ಮಿಕ್ಕ ಎರಡು ಉಳೀಲಿಲ್ಲ. ನಾನು ಓದಿದ ಯಾವ ಅಂಕಿಯೊಳಗೂ ಆ ಎರಡು ಮರಿಗಳ ಲೆಕ್ಕ ಇರಲಿಲ್ಲ.

ತಾತನಿಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ನಿಧಾನವಾಗಿ ಕೇಳಿದ್ರು, “ಹಿಡ ಆಗ್ದೆ ಇರೋ ಹೋರೀನ ನಾವು ಯಾವತ್ತಾದ್ರೂ ಬೀದಿಗ್ ಬುಟ್ಟಿದ್ವಾ ಮಗಾ? ಎರಡಲ್ಲು ಆಗೋಗಂಟ ಮೂಗುದಾರ, ಬೇರೆ ಗೂಟ. ನೀನು ಅರ್ಧ ಕೇಳುಸ್ಕಂಡು ಫೋನ್ ಇಟ್ಬುಟ್ಟೆ.”

ಅವತ್ತೇ ಆಪರೇಷನ್ ಮಾಡಿಸಿಬಿಡೋಣ ಅಂತ ಹೊರಟಿದ್ವಿ. ಕಮಿಟಿಯೂ ಅದನ್ನೇ ಹೇಳ್ತು. ಆದ್ರೆ ಮನೆಯ ಬಾಗಿಲು ಹಾಕದೇ ಇದ್ದದ್ದು ನನ್ನ ತಪ್ಪು, ಅದಕ್ಕೆ ಅವನ ಮೂಳೆ ದಂಡ ಕಟ್ಟೋದು ಯಾವ ನ್ಯಾಯ? ಕೊನೆಗೆ ಕಮಿಟಿ ಜೊತೆ ಲಿಖಿತ ಒಪ್ಪಂದ ಆಯ್ತು. ಎರಡು ವರ್ಷ ತುಂಬಿದ ತಿಂಗಳಲ್ಲಿ ಆಪರೇಷನ್. ಅಲ್ಲಿವರೆಗೆ ಮನೆಗೆ ಒಳಗೊಂದು ಹೊರಗೊಂದು ಗೇಟು, ಟ್ಯಾಂಕರ್ ಬಂದಾಗ ಭೀಮ ರೂಮಿನೊಳಗೆ, ಹೊರಗೆ ಹೋದ್ರೆ ಕೈಯಲ್ಲಿ ಹಗ್ಗ. ಇನ್ನೊಮ್ಮೆ ತಪ್ಪಿಸ್ಕೊಂಡ್ರೆ ಮಾರನೇ ದಿನವೇ ಆಪರೇಷನ್.

ಜೊತೆಗೆ ಊಟ. ಇದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ, ಆಪರೇಷನ್ ಯಾವಾಗ ಮಾಡಿಸಿದ್ರೂ ಇದು ನಮ್ಮ ಕೈಲಿರೋದು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನ ಮರಿಯಿಂದ ಸಾಯೋವರೆಗೂ ಗಮನಿಸಿದ್ರು. ಜೋಡಿಯಲ್ಲಿ ಒಂದಕ್ಕೆ 25% ಕಡಿಮೆ ಊಟ. ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುಗಳೂ ಚೆನ್ನಾಗಿದ್ದವು. ಆಪರೇಷನ್ ಆದ ಮೇಲೆ ನಾಯಿ ಬೇಗ ದಪ್ಪ ಆಗುತ್ತೆ ಬೇರೆ. ಆದ್ದರಿಂದ ನಮ್ಮವಳು ಪ್ರೀತಿಯಿಂದ ಹಾಕ್ತಿದ್ದ ತುಪ್ಪದ ಅನ್ನ ಬಂದ್, ಪಕ್ಕೆಲುಬು ಕೈಗೆ ಸಿಗೋ ಹಾಗಿರಬೇಕು ಅಂತ ಡಾಕ್ಟರ ಆರ್ಡರು. ಭೀಮ ಇದನ್ನಿನ್ನೂ ಕ್ಷಮಿಸಿಲ್ಲ, ಅದಕ್ಕೇ ಚಪ್ಪಲಿ.

ಇನ್ನು ಎಂಟು ತಿಂಗಳು ಬಾಕಿ. ದೊಡ್ಡ ತಳಿಯ ಮರಿ ತಂದಿರೋ ನಿಮಗೆ ನಾನು ಹೇಳೋದು ಇಷ್ಟೇ. ಆರು ತಿಂಗಳು ಅಂತ ಡಾಕ್ಟರು ಹೇಳಿದ್ರೆ, ನನ್ನ ನಾಯಿಯ ತಳಿಗೆ, ತೂಕಕ್ಕೆ, ಗಂಡೋ ಹೆಣ್ಣೋ ಅನ್ನೋದಕ್ಕೆ ನೋಡಿ ಹೇಳ್ತಿದ್ದೀರಾ ಅಂತ ಒಂದು ಸಲ ಕೇಳಿ. ಆಮೇಲೆ ಮನೆಗೆ ಬಂದು ನಿಮ್ಮ ಗೇಟಿನ ಚಿಲಕವನ್ನೂ ಒಂದು ಸಲ ಎಳೆದು ನೋಡಿ. ಅದು ಭದ್ರ ಇಲ್ಲ ಅಂದ್ರೆ, ನನ್ನ ಮಾತು ಬಿಟ್ಟು ಡಾಕ್ಟರ ಮಾತನ್ನೇ ಕೇಳಿ.

ನಿಮ್ಮ ಮನೆಯ ಭೀಮ, ಚಿನ್ನಿಯರ ಕತೆ ಏನು? ಯಾವಾಗ ಮಾಡಿಸಿದ್ರಿ, ಆಮೇಲೆ ಹೇಗಿವೆ? ಬರೀರಿ, ಓದೋಕೆ ಕಾಯ್ತಿರ್ತೀನಿ. ಈಗ ಹೊರಟೆ, ಹೊರಗೆ ಟ್ಯಾಂಕರ್ ಹಾರ್ನ್ ಹೊಡೀತಿದೆ.