ಸಹಕಾರ್ಯಾಲಯದಲ್ಲಿ ಸದಸ್ಯನ ಮತ

ಬೇರೆ ಬೇರೆ ಉದ್ಯೋಗದವರು ಒಂದೇ ಕಟ್ಟಡದ ಮೇಜು, ಕೊಠಡಿ, ಅಂತರ್ಜಾಲ ಸಂಪರ್ಕಗಳನ್ನು ಹಂಚಿಕೊಂಡು ತಮ್ಮ ತಮ್ಮ ಕೆಲಸ ಮಾಡಿಕೊಳ್ಳುವ ವ್ಯವಸ್ಥೆಗೆ 'ಕೋವರ್ಕಿಂಗ್' ಎಂದು ಹೆಸರು; ನಾವು ಅದನ್ನು ಸಹಕಾರ್ಯಾಲಯವೆನ್ನಬಹುದು. 2005ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಬ್ರಾಡ್ ನ್ಯೂಬರ್ಗ್ ಎಂಬುವರು ಈ ಹೆಸರಿನಿಂದ ಇಂಥ ಒಂದು ಸ್ಥಳವನ್ನು ಆರಂಭಿಸಿದರು. ಇಲ್ಲಿ ಬಾಡಿಗೆ ಕೊಡುವವರನ್ನು 'ಸದಸ್ಯ'ರೆಂದು ಕರೆಯುವುದು ರೂಢಿ. ಆದರೆ ಆ ಹೆಸರಿಗೆ ತಕ್ಕ ಅಧಿಕಾರ ಅವರಿಗುಂಟೆ? 2023ರ ನವೆಂಬರಿನಲ್ಲಿ ವೀವರ್ಕ್ ಎಂಬ ಬೃಹತ್ ಸಂಸ್ಥೆಯು ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಕಾನೂನಿನ ರಕ್ಷಣೆ ಬೇಡಿ, ಅನೇಕ ಕಟ್ಟಡಗಳ ಗುತ್ತಿಗೆಯನ್ನು ಬಿಟ್ಟುಕೊಟ್ಟಿತು. ಯಾವ ಕಟ್ಟಡ ಉಳಿಯಬೇಕೆಂಬುದು ಅಲ್ಲಿ ದುಡಿಯುತ್ತಿದ್ದ ಸದಸ್ಯರ ಮತದಿಂದ ನಿರ್ಣಯವಾಗಲಿಲ್ಲ. ಅವರು ವಾಸ್ತವವಾಗಿ ಗಿರಾಕಿಗಳು.

ಸದಸ್ಯತ್ವದ ನಿಜವಾದ ಅರ್ಥವನ್ನು ಸಹಕಾರ ಚಳವಳಿಯಲ್ಲಿ ಹುಡುಕಬೇಕು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ನೇಕಾರರು ಮೊದಲಾದ ಶ್ರಮಿಕರು ಅಂಗಡಿಯೊಂದನ್ನು ತೆರೆದಾಗ, ಹೂಡಿದ ಹಣ ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತವೆಂಬ ನಿಯಮವನ್ನು ಪಾಲಿಸಿದರು. ಅದನ್ನು ಪ್ರಕೃತ ವಿಷಯಕ್ಕೆ ಅನ್ವಯಿಸಿದರೆ, ಇಡೀ ಕೊಠಡಿಯನ್ನು ಹಿಡಿದವನಿಗೂ ವಾರಕ್ಕೆರಡು ದಿನ ಮೇಜು ಬಳಸುವವನಿಗೂ ಮತ ಸಮಾನವಾಗುತ್ತದೆ.

ಇಷ್ಟರಿಂದಲೇ ತೊಡಕು ತೀರುವುದಿಲ್ಲ. ಹತ್ತು ಜನರಲ್ಲಿ ಎಂಟು ಮಂದಿ ಸಭಾಂಗಣದಲ್ಲಿ ದೂರವಾಣಿ ಸಂಭಾಷಣೆಗೆ ಅನುಮತಿ ಬೇಕೆನ್ನುತ್ತಾರೆ; ಮೌನವಿಲ್ಲದೆ ಕೆಲಸವೇ ಸಾಗದ ಇಬ್ಬರು ಸೋಲುತ್ತಾರೆ. ಬಹುಮತವು ನ್ಯಾಯವಾಗಿಯೇ ಗೆದ್ದಿತು. ಆದರೂ ಆ ಇಬ್ಬರಿಗೆ ಸ್ಥಳ ಬಿಡುವುದೊಂದೇ ದಾರಿ. ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದಲ್ಲಿ ಎನ್‌ಸ್ಪೈರಲ್ ಎಂಬ ಬಳಗದವರೂ 'ಆಕ್ಯುಪೈ' ಚಳವಳಿಯಲ್ಲಿದ್ದವರೂ ಸೇರಿ 2012ರಲ್ಲಿ ಕಟ್ಟಿದ ಲೂಮಿಯೋ ಎಂಬ ತಂತ್ರಾಂಶವು ಈ ತೊಡಕನ್ನು ಎದುರಿಸಿದ ಬಗೆ ಗಮನಾರ್ಹವಾದುದು. ಅದರಲ್ಲಿ ಒಪ್ಪಿಗೆ, ತಟಸ್ಥತೆ, ಅಸಮ್ಮತಿ, ತಡೆ ಎಂಬ ನಾಲ್ಕು ನಿಲುವುಗಳಿಗೆ ಅವಕಾಶವಿತ್ತು. 'ನನಗಿದು ಸರಿಕಾಣದು, ಆದರೂ ನಿಮ್ಮೊಡನೆ ನಡೆಯುವೆ' ಎಂಬುದು ಅಸಮ್ಮತಿ. 'ಇದು ನಡೆಯಲೇಬಾರದು' ಎಂಬುದು ತಡೆ. ಕೈಯೆತ್ತಿಸಿ ಎಣಿಸುವ ಪದ್ಧತಿಯಲ್ಲಿ ಇವೆರಡೂ ಒಂದೇ ಲೆಕ್ಕಕ್ಕೆ ಸೇರಿಬಿಡುತ್ತವೆ.

ತಡೆಯೂ ನಿರಪಾಯವಲ್ಲ. ಹಟಮಾರಿಯೊಬ್ಬನು ಸಭೆಯನ್ನೇ ಕಟ್ಟಿಹಾಕಬಲ್ಲನು. (ಕಾಫಿಯ ಬೀಜ ಯಾವುದಿರಬೇಕೆಂಬುದಕ್ಕೂ ಸರ್ವಸಮ್ಮತಿ ಬೇಡುವ ಸಂಘ ಕಾಫಿ ಕುಡಿದಂತೆಯೇ!) ದಿನನಿತ್ಯದ ವಿಷಯಗಳನ್ನು ಚುನಾಯಿತ ಸಣ್ಣ ಸಮಿತಿಗೆ ಬಿಟ್ಟು, ಬಾಡಿಗೆಯ ದರ, ಕಟ್ಟಡದ ಗುತ್ತಿಗೆ, ಸದಸ್ಯನನ್ನು ಹೊರಹಾಕುವ ಪ್ರಶ್ನೆ ಇವುಗಳನ್ನು ಮಾತ್ರ ಸರ್ವಸದಸ್ಯರ ಸಭೆಗೆ ತರುವುದು ಯುಕ್ತ. ತಡೆಯೊಡ್ಡುವವನು ಕಾರಣವನ್ನೂ ಪರ್ಯಾಯವನ್ನೂ ಸಭೆಯ ಮುಂದಿಡಬೇಕು. ಜಮಾಖರ್ಚಿನ ಪುಸ್ತಕವು ಸಭೆಗೆ ಮುಂಚೆಯೇ ಎಲ್ಲರ ಕೈಗೆ ಸಿಗಬೇಕು. ಲೆಕ್ಕವನ್ನು ಕಾಣದವನು ಬಾಡಿಗೆಯ ಬಗೆಗೆ ಹಾಕುವ ಮತ ಕತ್ತಲೆಯಲ್ಲಿ ಎಸೆದ ಕಲ್ಲು.