ಗುಪ್ತಧ್ವನಿಯ ಪಾಠವೂ ಮನಸ್ಸಿನ ಮಿತಿಯೂ

ಮೊಬೈಲು ಈಗ ದೇವರ ಹಿಪ್ಪರಗಿ, ಸಿಂದಗಿ, ಇಂಡಿಗಳ ಸುತ್ತಣ ಹಳ್ಳಿಗಳಿಗೂ ಬಂದಿರುವದು. ಅದರೊಡನೆ 'ಸಬ್‌ಲಿಮಿನಲ್' ಎಂಬ ಹೆಸರಿನ ಧ್ವನಿಮುದ್ರಿಕೆಗಳೂ ಮಕ್ಕಳ ಕೈಗೆ ನಿಲುಕುವಂತಾಗಿರುವವು. ಮಳೆಯ ಸಪ್ಪಳದ ಇಲ್ಲವೆ ವಾದ್ಯದ ಕೆಳಗೆ, ಕಿವಿಗೆ ತಿಳಿಯದಷ್ಟು ಸಣ್ಣ ದನಿಯಲ್ಲಿ, 'ನನ್ನ ಜ್ಞಾಪಕಶಕ್ತಿ ಬೆಳೆಯುತ್ತಿದೆ' ಎಂಬಂಥ ಮಾತುಗಳನ್ನು ಅಡಗಿಸಿರುತ್ತಾರೆ. ರಾತ್ರಿಯೆಲ್ಲ ಇವನ್ನು ಹಚ್ಚಿಕೊಂಡು ಮಲಗಿದರೆ ಸಾಕು, ನೆನಪು ತಾನಾಗಿ ಬಲಿಯುವದೆಂದು ಹೇಳುವದುಂಟು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ತಪ್ಪಿದರೆ ಮಗಳ ಶಾಲೆ ಬಿಡಿಸಿ ಲಗ್ನದ ಮಾತು ತೆಗೆಯುವ ಮನೆಗಳು ಇನ್ನೂ ಇರುವಾಗ, ಈ ವಿಷಯದ ಸತ್ಯಾಸತ್ಯವನ್ನು ಪಾಲಕರ ಹಾಗೂ ಹಳೆಯ ವಿದ್ಯಾರ್ಥಿನಿಯರ ಮುಂದಿಡುವದು ಅವಶ್ಯವೆಂದು ಬಗೆದಿದ್ದೇವೆ.

ಅಮೇರಿಕೆಯಲ್ಲಿ ಗ್ರೀನ್‌ವಾಲ್ಡ್ ಮೊದಲಾದ ಮನಶ್ಶಾಸ್ತ್ರಜ್ಞರು ಇಂಥ ಧ್ವನಿಸುರುಳಿಗಳನ್ನು ಪರೀಕ್ಷಿಸಿ 1991ರಲ್ಲಿ ಫಲವನ್ನು ಪ್ರಕಟಿಸಿದರು. ಕೆಲವರಿಗೆ ಜ್ಞಾಪಕಶಕ್ತಿಯ ಸುರುಳಿಯನ್ನೂ ಕೆಲವರಿಗೆ ಆತ್ಮಗೌರವದ ಸುರುಳಿಯನ್ನೂ ಕೊಟ್ಟರು. ಆದರೆ ಹಲವು ಸುರುಳಿಗಳ ಮೇಲಿನ ಚೀಟಿಗಳನ್ನು ಕೇಳುವವರಿಗೆ ಅರಿವಾಗದಂತೆ ಅದಲುಬದಲು ಮಾಡಿದ್ದರು. ಒಂದು ತಿಂಗಳ ತರುವಾಯ ನೋಡಲು, ಅಡಗಿದ ಮಾತಿನಿಂದ ಯಾವ ವಿಶೇಷ ಲಾಭವೂ ಕಾಣಲಿಲ್ಲ. ಆದರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನರು ಚೀಟಿಯಲ್ಲಿ ಬರೆದ ಗುಣವೇ ತಮ್ಮಲ್ಲಿ ಬೆಳೆಯಿತೆಂದು ನಂಬಿದ್ದರು! ಫಲವೆನಿಸಿದ್ದು ನಂಬಿಗೆಯದೇ ಹೊರತು ದನಿಯದಲ್ಲ. ಇನ್ನು ನಿದ್ರೆಯ ಮಾತು. 1956ರಲ್ಲಿ ಸೈಮನ್ ಮತ್ತು ಎಮ್ಮನ್ಸ್ ಎಂಬವರು ಮೆದುಳಿನ ವಿದ್ಯುತ್ತರಂಗಗಳನ್ನು ನೋಡುತ್ತ, ನಿಜವಾಗಿ ನಿದ್ರಿಸುತ್ತಿರುವವರಿಗೆ ಪಾಠವನ್ನು ಕೇಳಿಸಿದರು. ಎದ್ದ ಮೇಲೆ ಅದು ಅವರ ನೆನಪಿನಲ್ಲಿ ಉಳಿದಿರಲಿಲ್ಲ.

ಒಂದೇ ವೇಳೆ ಅನೇಕ ದನಿಗಳನ್ನು ತುಂಬುವದರಿಂದಲೂ ಲಾಭವಿಲ್ಲ. ಇಂಗ್ಲಂಡದ ಕಾಲಿನ್ ಚೆರ್ರಿ 1953ರಲ್ಲಿ ಎರಡು ಕಿವಿಗಳಿಗೆ ಬೇರೆಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಒಡನೊಡನೆ ನುಡಿಯಹೇಳಿದರು. ಇನ್ನೊಂದು ಕಿವಿಯಲ್ಲಿ ಇಂಗ್ಲಿಷು ಹೋಗಿ ಜರ್ಮನ್ ಭಾಷೆ ಬಂದುದೂ ಕೇಳುವವರಿಗೆ ತಿಳಿಯಲಿಲ್ಲ. ಹನ್ನೆರಡನೆಯ ಶತಮಾನದ ಮಡಿವಾಳ ಮಾಚಿದೇವನ ಊರಿನವರಾದ ನಮಗೆ ಇದು ಹೊಸ ಮಾತಲ್ಲ. ಮಡಿ ಮಾಡುವವನು ಗಂಟನ್ನೆಲ್ಲ ಒಮ್ಮೆಗೇ ಕಲ್ಲಿಗೆ ಒಗೆಯಲಾರನು. ಒಂದೊಂದೇ ಅರಿವೆಯನ್ನು ಎತ್ತಿಕೊಳ್ಳುವನು.

ಹಾಗಾದರೆ ಧ್ವನಿಮುದ್ರಿಕೆಯು ನಿರುಪಯೋಗಿಯೇ? ಅಲ್ಲ. ಸ್ಪಷ್ಟವಾಗಿ ಕೇಳಿಸುವ, ಅರ್ಥವಾಗುವ ಪಾಠವನ್ನು ಎಚ್ಚರದಲ್ಲಿ ಕೇಳತಕ್ಕದ್ದು. ಒಂದು ಸಲಕ್ಕೆ ಒಂದೇ ವಿಷಯ. ಹತ್ತು-ಹದಿನೈದು ಮಿನಿಟಾದ ಮೇಲೆ ನಿಲ್ಲಿಸಿ, ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಒಂದೆರಡು ದಿನ ಬಿಟ್ಟು ಮತ್ತೆ ನೆನೆಯಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರ ಪ್ರಯೋಗದಲ್ಲಿ, ಒಮ್ಮೆ ಓದಿ ನೆನಪಿನಿಂದ ಒಪ್ಪಿಸಿದವರಿಗೆ ವಾರದ ಮೇಲೆ ನೂರಕ್ಕೆ 56ರಷ್ಟು ಉಳಿದಿತ್ತು. ಎರಡು ಸಲ ಬರಿದೆ ಓದಿದವರಿಗೆ 42ರಷ್ಟು ಮಾತ್ರ. ಈ ಕೆಲಸದಲ್ಲಿ ಓದುಬರಹ ಬಾರದ ತಾಯಿಯೂ ಸಹಾಯಕಳಾಗಬಲ್ಲಳು. "ಇವತ್ತ ಏನ ಕೇಳಿದಿ, ಹೇಳವ್ವಾ" ಎಂದು ಆಕೆಯು ಕೇಳಿದರೆ ಮಗಳ ಅಭ್ಯಾಸಕ್ಕೆ ಅದೇ ದೊಡ್ಡ ಪರೀಕ್ಷೆ.

ಮಲಗುವ ವೇಳೆಗೆ ಕಿವಿಯ ಯಂತ್ರವನ್ನು ತೆಗೆದಿಡಿಸಿರಿ. ಮಕ್ಕಳು 75 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ತಾಸಿಗಿಂತ ಹೆಚ್ಚು ಕೇಳಬಾರದೆಂದು ಜಾಗತಿಕ ಆರೋಗ್ಯ ಸಂಸ್ಥೆಯು ಹೇಳಿರುವದು. ರಾತ್ರಿಗೆ 8 ತಾಸಿನಂತೆ ಹಚ್ಚಿಕೊಂಡರೆ ವಾರಕ್ಕೆ 56 ತಾಸಾಗುವದು. ಅದಲ್ಲದೆ, ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವದು ನಿದ್ರೆಯಲ್ಲಿಯೇ. ಮಗಳ ನಿದ್ರೆ ಕೆಡಿಸಿ ಆಕೆಗೆ ವಿದ್ಯೆಯನ್ನು ಗಳಿಸಿಕೊಡುವ ಯಂತ್ರವು ಇನ್ನೂ ಹುಟ್ಟಿಲ್ಲವೆಂಬುದನ್ನು ಪಾಲಕರು ಮನಗಾಣಬೇಕೆಂದು ನಮ್ಮ ವಿನಂತಿ.