ಸಣ್ಣ ಪದಗಳ ಎಣಿಕೆ, ಮನಸ್ಸಿನ ಅಳತೆ

ಮಾತಿನಿಂದ ಮನಸ್ಸನ್ನು ಅರಿಯಲು ಹೊರಟವರು ಬಹುಕಾಲ ಗಮನ ಕೊಟ್ಟದ್ದು ಹೇಳಿದ ವಿಷಯಕ್ಕೆ. ಹೇಳುವ ರೀತಿಯಲ್ಲಿಯೂ ಅಳೆಯಬಹುದಾದ ಮಾಹಿತಿ ಅಡಗಿದೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಗಣಕಯಂತ್ರ ಪದಗಳನ್ನು ಎಣಿಸತೊಡಗಿದ ಮೇಲೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಸ್ಟೋನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ರೂಪಿಸಿದ ‘ಜನರಲ್ ಇನ್‌ಕ್ವೈರರ್’ ಈ ದಾರಿಯ ಮೊದಲ ತಂತ್ರಾಂಶಗಳಲ್ಲಿ ಒಂದು.

ಈ ವಿಧಾನ ಇಂದಿನ ರೂಪ ಪಡೆದದ್ದು ಟೆಕ್ಸಾಸ್‌ನ ಮನೋವಿಜ್ಞಾನಿ ಜೇಮ್ಸ್ ಪೆನ್ನಬೇಕರ್ ಅವರಿಂದ. ಮನಸ್ಸನ್ನು ಕಲಕಿದ ಘಟನೆಗಳ ಬಗ್ಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತೆಂದು ಅವರು ಸಾಂಡ್ರಾ ಬೀಲ್ ಅವರೊಡನೆ 1986ರಲ್ಲಿ ವರದಿ ಮಾಡಿದರು. ಇಂಥ ಬರವಣಿಗೆಯಲ್ಲಿ ಯಾವ ಗುಣ ಹಿತ ತರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಹುಟ್ಟಿದ ತಂತ್ರಾಂಶವೇ ‘ಲಿಂಗ್ವಿಸ್ಟಿಕ್ ಇನ್‌ಕ್ವೈರಿ ಅಂಡ್ ವರ್ಡ್ ಕೌಂಟ್’, ಸಂಕ್ಷಿಪ್ತವಾಗಿ ‘ಲ್ಯೂಕ್’. ಅದರ ಕೆಲಸ ಸರಳ: ಬರಹದ ಪ್ರತಿ ಪದವನ್ನು ತನ್ನೊಳಗಿನ ನಿಘಂಟಿನೊಡನೆ ಹೋಲಿಸಿ, ಸರ್ವನಾಮ, ನಿಷೇಧ, ದುಃಖ, ಕಾರಣ ಮೊದಲಾದ ವರ್ಗಗಳಿಗೆ ಸೇರಿಸಿ, ಒಟ್ಟು ಪದಗಳಲ್ಲಿ ಪ್ರತಿ ವರ್ಗದ ಪಾಲು ಶೇಕಡಾ ಎಷ್ಟೆಂದು ಹೇಳುತ್ತದೆ.

ಈ ಎಣಿಕೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ತಮಗೆ ತಾವೇ ಹೆಚ್ಚಿನ ಅರ್ಥವಿಲ್ಲದೆ ವಾಕ್ಯವನ್ನು ಕಟ್ಟಿಕೊಡುವ ಸರ್ವನಾಮ, ಅವ್ಯಯ, ಸಹಾಯಕ ಕ್ರಿಯಾಪದಗಳು, ಅಂದರೆ ವ್ಯಾಕರಣ ಪದಗಳು. ಇಂಗ್ಲಿಷಿನಲ್ಲಿ ಇವು ಐನೂರಕ್ಕಿಂತ ಕಡಿಮೆಯಾದರೂ ದಿನಬಳಕೆಯ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇವುಗಳದ್ದೇ. ಆಡುವವರು ಇವನ್ನು ಅಳೆದು ಸುರಿದು ಆರಿಸುವುದಿಲ್ಲವಾದ್ದರಿಂದ ಗಮನ ಎತ್ತ ಹರಿದಿದೆ ಎಂಬುದಕ್ಕೆ ಇವು ಸಾಕ್ಷಿಯಾಗುತ್ತವೆ. ಆತ್ಮಹತ್ಯೆ ಮಾಡಿಕೊಂಡ ಒಂಬತ್ತು ಕವಿಗಳ ಕವಿತೆಗಳನ್ನು ಬೇರೆ ಒಂಬತ್ತು ಕವಿಗಳ ಕವಿತೆಗಳೊಡನೆ ಹೋಲಿಸಿದ 2001ರ ಅಧ್ಯಯನದಲ್ಲಿ ಎದ್ದುಕಂಡದ್ದು ‘ನಾನು’ ಎಂಬುದರ ಹೆಚ್ಚಳ; ದುಃಖ, ಸಿಟ್ಟುಗಳನ್ನು ಸೂಚಿಸುವ ಪದಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನೋವಿನಲ್ಲಿರುವವರ ಗಮನ ತಮ್ಮ ಮೇಲೆಯೇ ನೆಲೆಸುತ್ತದೆ ಎಂಬುದು ಸಂಶೋಧಕರ ವಿವರಣೆ.

ಆದರೆ ಎಣಿಕೆಯನ್ನು ರೋಗನಿರ್ಣಯವೆಂದು ತಿಳಿಯುವುದು ತಪ್ಪಾಗುತ್ತದೆ. ಅಮೆರಿಕ ಮತ್ತು ಜರ್ಮನಿಯ 4,700ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆ, ‘ನಾನು’ ಬಳಕೆಗೂ ಖಿನ್ನತೆಗೂ ನಂಟಿದ್ದರೂ ಅದು ಚಿಕ್ಕದೆಂದೂ, ಖಿನ್ನತೆಗಷ್ಟೇ ಸೀಮಿತವಲ್ಲವೆಂದೂ ತೋರಿಸಿತು. ಅಧಿಕಾರದಲ್ಲಿ ಕೆಳಗಿರುವವರು ಮೇಲಿನವರೊಡನೆ ಮಾತನಾಡುವಾಗಲೂ ಇದೇ ಪದವನ್ನು ಹೆಚ್ಚು ಬಳಸುತ್ತಾರೆ. ಇದಲ್ಲದೆ, ಪದಗಳನ್ನು ಬಿಡಿಬಿಡಿಯಾಗಿ ನೋಡುವ ಯಂತ್ರಕ್ಕೆ ವ್ಯಂಗ್ಯ ತಿಳಿಯದು. ‘ಏನು ಚೆನ್ನಾಗಿ ಮಾಡಿದೆಯಪ್ಪಾ’ ಎಂಬ ಮೂದಲಿಕೆ ಅದರ ಲೆಕ್ಕದಲ್ಲಿ ಹೊಗಳಿಕೆಯೇ.

ಕನ್ನಡದ ಮಟ್ಟಿಗೆ ತೊಡಕು ಇನ್ನೂ ಆಳದ್ದು. ಇಂಗ್ಲಿಷಿನಲ್ಲಿ ಬಿಡಿ ಪದವಾಗಿ ನಿಲ್ಲುವ ‘ನಾನು’ ಕನ್ನಡದಲ್ಲಿ ‘ಬಂದೆ’ ಎಂಬ ಕ್ರಿಯಾಪದದ ಕೊನೆಯ ಎಕಾರದಲ್ಲಿಯೇ ಅಡಗಿರಬಹುದು. ‘ಮನೆಯಲ್ಲಿ’, ‘ಮನೆಯಿಂದ’ ಎಂಬಲ್ಲಿ ಸಂಬಂಧ ಸೂಚಿಸುವ ಅಂಶ ನಾಮಪದಕ್ಕೇ ಅಂಟಿಕೊಂಡಿರುತ್ತದೆ. ಆದ್ದರಿಂದ ನಿಘಂಟನ್ನು ಅನುವಾದಿಸಿದರೆ ಸಾಲದು. ಮೊದಲು ಪದವನ್ನು ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸಬೇಕು. ‘ನೀನು’, ‘ನೀವು’, ‘ತಾವು’ಗಳ ನಡುವೆ ಇರುವ ಸಲುಗೆ, ಗೌರವಗಳ ಅಂತರವನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಆಗ ಮಾತ್ರ, ‘ಒಲ್ಲೆ’ ಎಂಬ ಎರಡಕ್ಷರದ ಉತ್ತರದಲ್ಲಿ ಇಚ್ಛೆ, ನಿಷೇಧ, ‘ನಾನು’ ಮೂರೂ ಇವೆಯೆಂಬುದು ಯಂತ್ರದ ಲೆಕ್ಕಕ್ಕೆ ಸಿಕ್ಕೀತು.